ಬಾಡಿಗೆ ಮನೆ ಬಿಡಿಸಲು ಹೋದದ್ದು

ಯಗಟಿಯಲ್ಲಿ ಹೊಲ, ತೆಂಗಿನ ತೋಟ ಇದ್ದ ಅಪ್ಪ ಕಡೂರಿನಲ್ಲೊಂದು ಹೆಂಚಿನ ಮನೆ ಕೊಂಡು ರೈಲ್ವೆ ಗುಮಾಸ್ತರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದ. ಕರಾರುಪತ್ರವಿಲ್ಲ, ರಸೀದಿಯಿಲ್ಲ. "ಇಡೀ ಮನೆ ನಿಮ್ದೇ ಅನ್ಕಳಿ" ಎಂದು ಎಲೆಯಡಿಕೆ ಕೊಟ್ಟದ್ದೇ ಒಪ್ಪಂದ. ಆದರೆ ಸಂತೆಯಲ್ಲಿ ಮಾರದೆ ಉಳಿದ ತೆಂಗಿನಕಾಯಿಯನ್ನು ಮತ್ತೆ ಊರಿಗೆ ಹೊರುವುದೇಕೆಂದು ಅದೇ ಮನೆಯ ಹಿಂದಿನ ಕೋಣೆಯಲ್ಲಿ ಸುರಿದು ಬರುತ್ತಿದ್ದ. ಮೊದಲು ಒಂದು ಮೂಲೆ. ಬರಬರುತ್ತಾ ಕೋಣೆಯೇ ಕಾಯಿಯ ಪಾಲಾಯಿತು. ಗುಮಾಸ್ತರು ಸಂಕೋಚದ ಮನುಷ್ಯ. ಪೂರ್ತಿ ಬಾಡಿಗೆ ಕೊಟ್ಟು, ಕಾಯಿರಾಶಿಯ ಮೇಲೆ ಪಂಚೆ ಒಣಹಾಕಿಕೊಂಡು ಸುಮ್ಮನಿದ್ದರು.

ಅಷ್ಟರಲ್ಲಿ ತಂಗಿ ಮಿಡ್ಲ್ ಸ್ಕೂಲು ಮುಗಿಸಿದಳು. ಹೈಸ್ಕೂಲಿದ್ದದ್ದು ಕಡೂರಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು ಎಸ್ಸೆಸ್ಸೆಲ್ಸಿಯಲ್ಲಿ ಗೋತಾ ಹೊಡೆದಿದ್ದೆ. ಹೆಣ್ಣುಮಗಳನ್ನು ಹಾಗೆ ಕಳಿಸಲು ಅಪ್ಪ ಒಪ್ಪಲಿಲ್ಲ. ಅಜ್ಜಿಯ ಜೊತೆ ಕಡೂರಿನ ಮನೆಯಲ್ಲಿದ್ದರೆ ಓದು, ಇಲ್ಲದಿದ್ದರೆ ಓದು ಅಲ್ಲಿಗೇ ನಿಂತಂತೆ.

"ಮನೆ ಬಿಡಿ" ಎಂದು ಹೇಳಲು ಹೋದ ಅಪ್ಪ ಪ್ರತಿಸಲವೂ ಕಾಫಿ ಕುಡಿದು ವಾಪಸ್ಸು ಬರುತ್ತಿದ್ದ.

"ಕೇಳಿದ್ರಾ ಅಪ್ಪಯ್ಯ?" ಎಂದು ತಂಗಿ ಬಾಗಿಲಲ್ಲೇ ಹಿಡಿಯುವಳು.

"ಅವರ ಕಾಫಿ ಕುಡಿದ ಬಾಯಲ್ಲಿ ಹೆಂಗವ್ವ ಹೇಳದು?"

ಅಪ್ಪನಿಗೆ ಅಭ್ಯಾಸ ಮಾಡಿಸುವ ಕೆಲಸ ನನಗೆ ಬಿತ್ತು. ಊರಿನವರನ್ನೆಲ್ಲ ಅಣಕಿಸುವ ನನಗೆ ಗುಮಾಸ್ತರು ಯಾವ ಲೆಕ್ಕ! ಅಜ್ಜಿಯ ಕನ್ನಡಕ ಏರಿಸಿ, ಅವರಂತೆಯೇ ಮಾತಿಗೆ ಮುಂಚೆ ಮೂಗಿನಲ್ಲೊಂದು ಹೂಂಕಾರ ಹಾಕಿ ಜಗಲಿಯಲ್ಲಿ ಕೂರುತ್ತಿದ್ದೆ. ಅಪ್ಪ ಎದುರಿಗೆ ನಿಂತು, "ಸ್ವಾಮಿ, ಮಗಳ ಓದಿಗೆ ಮನೆ ಬೇಕಾಗೈತೆ" ಎನ್ನುವನು. ನಾನು ಮೂಗಿನಲ್ಲೇ, "ಹ್ಞೂಂ... ಆಗಲ್ಲ ಗೌಡ್ರೇ! ಹೆಂಡ್ತಿ ಮಕ್ಳನ್ನ ಪ್ಲಾಟ್‌ಫಾರಂ ಮೇಲೆ ಕೂರಿಸ್ಲಾ?" ಎನ್ನುವೆ. ಅಪ್ಪ ತಕ್ಷಣ "ಅದೂ ನಿಜ ಬಿಡಿ" ಎಂದು ಸೋತುಬಿಡುವನು. ತಂಗಿ ತಲೆ ಚಚ್ಚಿಕೊಳ್ಳುವಳು.

ಕೊನೆಗೆ ಅಪ್ಪ ನನ್ನನ್ನು ಕರೆದುಕೊಂಡು ತರೀಕೆರೆಯ ಒಬ್ಬ ವಕೀಲರ ಹತ್ತಿರ ಹೋದ.

"ನಾವೇ ಬೀಗ ಜಡಿದ್ರೆ ಹೆಂಗೆ ಸ್ವಾಮಿ?"

"ಜಡಿಯಂಗಿಲ್ಲ."

"ಬಾಡಿಗೆ ಏರಿಸಿದ್ರೆ? ತಾವಾಗೇ ಓಡೋಗ್ಲಿ ಅಂತ?"

"ಮನಸ್ಸು ಬಂದಂಗೆ ಏರಿಸಂಗಿಲ್ಲ."

"ಹಂಗಾರೆ ಮನೆ ಯಾರ್ದು?"

"ಮನೆ ನಿಮ್ದೇ, ವಾಸ ಅವರ್ದು. ಸ್ವಂತಕ್ಕೆ ಬೇಕು ಅಂತ ನೋಟೀಸು ಕೊಡಿ. ಬಿಡದಿದ್ರೆ ದಾವೆ ಹಾಕೋಣ. ತೀರ್ಪು ಬರೋ ಹೊತ್ತಿಗೆ," ವಕೀಲರು ನಶ್ಯ ಏರಿಸಿ ನನ್ನತ್ತ ನೋಡಿದರು, "ಇವನ ಮಗಳು ಹೈಸ್ಕೂಲಿಗೆ ಬಂದಿರ್ತಾಳೆ."

ಕಾಯಿಯ ಕಥೆ ಕೇಳಿದಾಗಲಂತೂ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇಡೀ ಮನೇದು ಬಾಡಿಗೆ ತಗೊಂಡು ಒಂದು ಕೋಣೆ ನೀವೇ ಇಟ್ಕೊಂಡಿದ್ದೀರಾ? ಪುಣ್ಯಾತ್ಮರೇ, ಅವರೇ ನಿಮ್ಮ ಮೇಲೆ ದಾವೆ ಹಾಕಬಹುದು! ಮಾತಾಡಿ ಬಗೆಹರಿಸ್ಕೊಳ್ಳಿ. ಏನು ತೀರ್ಮಾನ ಆದ್ರೂ ಪತ್ರ ಮಾಡಿ."

ವಾಪಸ್ಸು ಬರುವಾಗ ನೇರ ಕಡೂರಿನ ಮನೆಗೇ ಹೋದೆವು. ಗುಮಾಸ್ತರ ಹೆಂಡತಿ ಕಾಫಿ ತಂದರೆ ಅಪ್ಪ ಮುಟ್ಟಲಿಲ್ಲ. ಲೋಟ ನೋಡದೆ, ಗೋಡೆಯ ಕಡೆ ತಿರುಗಿ, ಪಾಠ ಒಪ್ಪಿಸುವವನಂತೆ, "ಸ್ವಾಮಿ, ಮಗಳ ಓದಿಗೆ ಮನೆ ಬೇಕಾಗೈತೆ" ಎಂದ.

ರೂಢಿಯ ಮಾತು ಕಿವಿಗೆ ಬಿತ್ತು. ನನ್ನ ಬಾಯಿ ತಡೆಯಲಿಲ್ಲ. "ಹ್ಞೂಂ... ಆಗಲ್ಲ ಗೌಡ್ರೇ! ಹೆಂಡ್ತಿ ಮಕ್ಳನ್ನ ಪ್ಲಾಟ್‌ಫಾರಂ ಮೇಲೆ ಕೂರಿಸ್ಲಾ?"

ಅಪ್ಪ ನನ್ನ ತೊಡೆ ಚಿವುಟಿದ. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹ್ಞೂಂ... ನಾನು ಹಿಂಗಾ ಮಾತಾಡೋದು?" ಎಂದರು.

"ಇದಕ್ಕಿಂತ ಜೋರು ಕಣ್ರೀ!" ಎಂದು ಆಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಕ್ಕು ಮುಗಿದ ಮೇಲೆ ಗುಮಾಸ್ತರೇ ಕೇಳಿದರು: "ಹುಡುಗಿಗೆ, ಅಜ್ಜಿಗೆ ಇಡೀ ಮನೆ ಯಾಕೆ ಗೌಡ್ರೇ? ಹಿಂದಿನ ಕೋಣೆ ಸಾಲ್ದಾ? ಹಿತ್ತಿಲಿಗೆ ಬಾಗಿಲೂ ಇದೆ."

"ಅದ್ರಲ್ಲಿ ಕಾಯಿ ಐತಲ್ಲ ಸ್ವಾಮಿ."

"ಕಾಯಿ ಹೈಸ್ಕೂಲಿಗೆ ಹೋಗತ್ತಾ?"

ಅಪ್ಪ ಲೋಟ ಎತ್ತಿಕೊಂಡ. ಆ ವಾರವೇ ಛಾಪಾ ಕಾಗದದ ಮೇಲೆ ಬರೆದದ್ದಾಯಿತು: ಮುಂಬಾಗಿಲು, ಮುಂದಿನ ಭಾಗ ಗುಮಾಸ್ತರದು, ಹಿಂದಿನ ಕೋಣೆ ನಮ್ಮದು, ಬಾವಿ, ಬಚ್ಚಲು ಇಬ್ಬರಿಗೂ, ಕೋಣೆಯ ಮಟ್ಟಿಗೆ ಬಾಡಿಗೆ ಕಡಿಮೆ, ಯಾರಿಗೇ ಬೇಡವಾದರೂ ಮೊದಲೇ ತಿಳಿಸತಕ್ಕದ್ದು. ಕೋಣೆ ಖಾಲಿ ಮಾಡುವ ಕೂಲಿ ನನ್ನದು, ಬಿಟ್ಟಿ.

ಶಾಲೆ ಶುರುವಾದ ಬೆಳಿಗ್ಗೆ ತಂಗಿ ಚೀಲ ಹಿಡಿದು ಹಿತ್ತಿಲ ಬಾಗಿಲಿಗೆ ನಡೆದಳು. ಅಜ್ಜಿ ಅಡ್ಡ ನಿಂತಳು.

"ಒಳ್ಳೆ ಕೆಲಸಕ್ಕೆ ಹೋಗೋಳು ಮುಂಬಾಗ್ಲಲ್ಲಿ ಹೋಗ್ಬೇಕು."

"ಮುಂಬಾಗ್ಲು ಅವರ್ದು ಕಣವ್ವ, ಪತ್ರದಲ್ಲಿ ಬರ್ದೈತೆ," ಎಂದು ಅಪ್ಪ ಪಿಸುಗುಟ್ಟಿದ.

ಅಷ್ಟು ಹೊತ್ತಿಗೆ ಮುಂದುಗಡೆ ಅಗುಳಿ ಸರಿದ ಸದ್ದಾಯಿತು. ಗುಮಾಸ್ತರ ಹೆಂಡತಿ ಕೂಗಿದರು: "ಬಾರೇ ಹುಡುಗಿ, ಈ ಕಡೆಯಿಂದ ಬಾ. ಹೊತ್ತಾಯ್ತು."