ಕಣ್ಣು ಕಟ್ಟಿಕೊಂಡು ನರಿ ನೋಡಲು ಹೋದದ್ದು

ಆಗ ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಹಿತ್ತಲುಗಳು ಮುಗಿದಲ್ಲಿಂದಲೇ ಕಾಡು ಶುರುವಾಗುತ್ತಿತ್ತು. ಹುಣಸೆ, ಹೊಂಗೆ, ಸರ್ಕಾರ ನೆಟ್ಟ ನೀಲಗಿರಿ, ಯಾರೂ ನೆಡದ ಲಂಟಾನ. ಹುಣಸೆಮರಗಳಲ್ಲಿ ಬಾವಲಿ, ಬಂಡೆಗಳ ಸಂದಿಯಲ್ಲಿ ಉಡ, ಹುಲ್ಲಿನಲ್ಲಿ ಕೌಜುಗ, ಲಂಟಾನದ ಬುಡದ ಬಿಲಗಳಲ್ಲಿ ನರಿ. ಬೆಳಗಿನ ಹೊತ್ತು ಚೆಂಬು ಹಿಡಿದ ಗಂಡಸರು ಎಲ್ಲ ಪೊದೆಗಳಲ್ಲೂ. ಕಾಡಿನ ಬಗ್ಗೆ ಬರೆಯುವವರು ಈ ಕೊನೆಯ ಜೀವಿಯನ್ನು ಯಾಕೋ ಬಿಟ್ಟೇಬಿಡುತ್ತಾರೆ.

ನರಿಗಳು ಅಲ್ಲಿ ಕೊಬ್ಬಿ ಬೆಳೆಯಲು ಕಾರಣ ನಮ್ಮೂರಿನ ರೇಷ್ಮೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುಗಳನ್ನು ಕಾಡಿನ ಅಂಚಿಗೆ ಸುರಿಯುತ್ತಿದ್ದರು. ನಾವು ಮೂಗು ಮುಚ್ಚಿಕೊಂಡು ಓಡುವ ಜಾಗಕ್ಕೆ ನರಿಗಳು ಮದುವೆ ಊಟಕ್ಕೆ ಬಂದಂತೆ ಬರುತ್ತಿದ್ದವು. ಹುಳದ ಬುಟ್ಟಿ ಸಿಕ್ಕಿದರೆ ನರಿ ತಳ ಕಾಣುವವರೆಗೂ ಕದಲುವುದಿಲ್ಲ ಎಂದು ಮಾವ ಹೇಳುತ್ತಿದ್ದ. ಮಾವ ಎಂದರೆ ಅಮ್ಮನ ತಮ್ಮ. ನಮ್ಮ ಮನೆಯಲ್ಲೇ ಇದ್ದುಕೊಂಡು ಚರಕದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆಯಲ್ಲಿ ನಮ್ಮ ಮನೆಗೆ ನರಿ ಬೇಕಾಯಿತು. ಅಕ್ಕನಿಗೆ ಎಸ್ಸೆಸ್ಸೆಲ್ಸಿ ಗಣಿತ ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಫೇಲಾದರೆ ಓದು ಬಿಡಿಸಿ ಮಾವನಿಗೆ ಕೊಟ್ಟು ಮದುವೆ ಮಾಡುವುದೆಂದು ಅಪ್ಪ ತೀರ್ಮಾನಿಸಿದ್ದರು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಅಕ್ಕನಿಗೆ ಟೀಚರಾಗುವ ಆಸೆ. ಮಾವನಿಗೋ, ತಾನು ಕಂಕುಳಲ್ಲಿ ಎತ್ತಿ ತಿರುಗಿದ, ತನ್ನ ಹೊಸ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದ ಹುಡುಗಿಗೆ ತಾಳಿ ಕಟ್ಟುವುದನ್ನು ನೆನೆದರೇ ಊಟ ಸೇರುತ್ತಿರಲಿಲ್ಲ. ಅಪ್ಪನ ಎದುರು ಇಬ್ಬರಿಗೂ ಬಾಯಿಲ್ಲ. ನನಗಂತೂ ಸಿಟ್ಟು ಉಕ್ಕುತ್ತಿತ್ತು, ಅಕ್ಕನ ನಂತರದ ಸರದಿ ನನ್ನದೇ ತಾನೆ.

ಅಪ್ಪ ಹಟಮಾರಿ, ಆದರೆ ಕಟುಕರಲ್ಲ. ಮಗಳು ಪಾಸಾಗಲಿ ಎಂದೂ ಅವರಿಗಿತ್ತು. ರಿಸಲ್ಟಿನ ಹಿಂದಿನ ಸಂಜೆ ಜಗಲಿಯ ಮೇಲೆ ಕೂತು ಹೇಳಿದರು: "ನಾಳೆ ಎದ್ದ ತಕ್ಷಣ ಇವಳು ಮೊದಲು ನರಿ ಮುಖ ನೋಡ್ಬೇಕು. ನರಿ ಮುಖ ನೋಡ್ದೋರು ಅವತ್ತು ಏನು ಅಂದ್ಕೊಂಡ್ರೂ ಆಗೇ ಆಗುತ್ತೆ."

ಒಳಗಿಂದ ಅಜ್ಜಿ, ಅಂದರೆ ಅಪ್ಪನ ತಾಯಿ, ಎದ್ದು ಬಂದಳು. ಚಿಂತಾಮಣಿಯ ಆಚೆ ಆಂಧ್ರದ ಅಂಚಿನ ಹಳ್ಳಿಯವಳು, ಸಿಟ್ಟು ಬಂದರೆ ತೆಲುಗು.

"ಮುಖ ನೋಡಿದ್ರೆ ಏನೋ ಬಂತು? ಅದೂ ನಿನ್ ಮುಖ ನೋಡುತ್ತಲ್ಲ, ಅದರ ಗತಿ ಏನು? ನಕ್ಕ ತೋಕ ತೊಕ್ಕಾಲಿರಾ! ಬಾಲ ತುಳೀಬೇಕು, ಬಾಲ!"

ತಾಯಿ ಮಗನಿಗೆ ರಾತ್ರಿ ಊಟದವರೆಗೂ ವಾದ ನಡೆಯಿತು. ಕೊನೆಗೆ ಪಾಸಾಗಲು ಮುಖ ಸಾಕು, ಫಸ್ಟ್ ಕ್ಲಾಸು ಬೇಕೆಂದರೆ ಬಾಲ ಎಂದು ರಾಜಿಯಾಯಿತು. ರಿಸಲ್ಟು ಆಗಲೇ ಟೈಪಾಗಿ ಸ್ಕೂಲಿಗೆ ಬಂದಿರುತ್ತದೆ, ನರಿ ಅದನ್ನು ತಿದ್ದುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

"ಕಾಡಿಗೆ ಯಾಕೆ ಭಾವ, ಹಿತ್ತಲಲ್ಲಿ ಒಂದು ಬುಟ್ಟಿ ಹುಳ ಇಟ್ರೆ ತಾನಾಗೇ ಬರುತ್ತೆ" ಎಂದ ಮಾವ.

"ನರಿಗೆ ಮನೆಗೆ ಕರೆದು ಊಟ ಹಾಕೋಷ್ಟು ಕೆಟ್ಟಿಲ್ಲ ನಾವು" ಎಂದರು ಅಪ್ಪ. ಮಾವ ಅವರು ಮಲಗಿದ ಮೇಲೆ ಬುಟ್ಟಿ ಇಟ್ಟೇ ಇಟ್ಟ.

ಬೆಳಗಿನ ಜಾವ ಅಕ್ಕ ಎದ್ದು ಮೊದಲು ಇನ್ಯಾರ ಮುಖವನ್ನೋ ನೋಡಿಬಿಟ್ಟರೆ ಕೆಲಸ ಕೆಟ್ಟಿತಲ್ಲ. ಅವಳು ಕಣ್ಣು ಬಿಡುವ ಮೊದಲೇ ಅಪ್ಪ ಮಾವನ ಟವೆಲಿನಿಂದ ಅವಳ ಕಣ್ಣು ಕಟ್ಟಿದರು. ಅಮ್ಮ ಒಂದು ಕೈ ಹಿಡಿದಳು, ನಾನು ಇನ್ನೊಂದು. ಮಾವ ಕಾಫಿಯ ಫ್ಲಾಸ್ಕ್ ಹಿಡಿದು ಹಿಂದೆ ನಡೆದ. ಮಂಡಿನೋವಿನ ಅಜ್ಜಿ ಮನೆಯಲ್ಲೇ ಉಳಿದಳು.

ಕಾಡಿಗೆ ಹೋಗಿ ನೋಡಿದರೆ ಅರ್ಧ ಊರೇ ಅಲ್ಲಿದೆ! ಪ್ರತಿ ಹುಣಸೆಮರದ ಕೆಳಗೂ ಒಂದು ಸಂಸಾರ, ಪ್ರತಿ ಸಂಸಾರದ ನಡುವೆ ಕಣ್ಣು ಕಟ್ಟಿಸಿಕೊಂಡ ಒಬ್ಬ ಎಸ್ಸೆಸ್ಸೆಲ್ಸಿ. "ಸುಮ್ನೆ ವಾಕಿಂಗ್ ಬಂದ್ವಿ" ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಕಣ್ಣು ಕಟ್ಟಿಸಿಕೊಂಡ ಹುಡುಗನೊಬ್ಬ ಅಕ್ಕನಿಗೆ ಡಿಕ್ಕಿ ಹೊಡೆದು "ಸಾರಿ ಸಾರ್" ಎಂದ. ಚೆಂಬು ಹಿಡಿದು ಬಂದವರಿಗೆ ಕೂರಲು ಒಂದು ಪೊದೆಯಿಲ್ಲ. ಎಲ್ಲಿ ಕೂತರೂ ಯಾರಾದರೊಬ್ಬರು ಕೊಂಬೆ ಸರಿಸಿ ಆಸೆಯಿಂದ ಇಣುಕುತ್ತಿದ್ದರು. ನವಿಲು ಕೂಗಿ ಹಾರಿಹೋಯಿತು. ಉಡವೊಂದು ಬಂಡೆಯ ಮೇಲೆ ತಲೆಯೆತ್ತಿ ಈ ಜಾತ್ರೆಯನ್ನು ನೋಡಿ ಒಳಗೆ ಸೇರಿತು. ಬುದ್ಧಿಯಿರುವ ಯಾವ ನರಿ ಆ ಹೊತ್ತಿನಲ್ಲಿ ಹೊರಗೆ ಬಂದೀತು?

ಬಿಸಿಲೇರುವ ಹೊತ್ತಿಗೆ ನಮ್ಮ ಎದುರಿನ ಲಂಟಾನ ಅಲುಗಾಡಿತು. ಏನೋ ಬಗ್ಗಿಕೊಂಡು ಮೆಲ್ಲಗೆ ಬರುತ್ತಿತ್ತು.

"ಬಂತು ಕಣೇ, ಬಂತು!" ಎಂದು ಅಪ್ಪ ಟವೆಲು ಕಿತ್ತರು.

ಪೊದೆಯಿಂದ ಎದ್ದು ನಿಂತವರು ಅಕ್ಕನ ಲೆಕ್ಕದ ಮೇಷ್ಟ್ರು. ಕೈಯಲ್ಲಿ ಚೆಂಬು.

"ಏನಮ್ಮಾ, ಇಲ್ಲಿಗೂ ಬಂದ್ಯಾ?" ಎಂದರು ಅವರು.

ಅಪ್ಪ ಹಣೆ ಚಚ್ಚಿಕೊಂಡರು. ಕಾಡಿನಿಂದ ನೇರವಾಗಿ ಸ್ಕೂಲಿಗೆ ಹೋದೆವು. ಬೋರ್ಡಿನಲ್ಲಿ ಅಕ್ಕನ ನಂಬರ್ ಇರಲಿಲ್ಲ. ಅವಳು ಅಳಲಿಲ್ಲ, ಟವೆಲು ಮಡಚಿ ಮಾವನಿಗೆ ಕೊಟ್ಟಳು. ಮನೆ ಹತ್ತಿರ ಬಂದಾಗ ಅಪ್ಪ, "ಶ್ರಾವಣದಲ್ಲಿ ಮಾಡಿ ಮುಗಿಸೋಣ" ಎಂದರು. ಮಾವ ಅದೇ ಟವೆಲಿನಿಂದ ಮುಖ ಒರೆಸಿಕೊಂಡ.

ಅಜ್ಜಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಲಗಾಲು ಚಾಚಿಕೊಂಡು ಕೂತಿದ್ದಳು. ನಮ್ಮ ಮುಖ ನೋಡಿದರೆ ಸಾಕಿತ್ತು, ರಿಸಲ್ಟು ಏನೆಂದು ಕೇಳಲೂ ಇಲ್ಲ.

"ನೀವ್ ಅತ್ತ ಹೋದ್ರಿ, ನರಿ ಇತ್ತ ಬಂತು. ನಾನು ಕತ್ತಲಲ್ಲಿ ಕಾಲಿಟ್ಟೆ, ಬಾಲದ ಮೇಲೇ ಬಿತ್ತು. ತಿರುಗಿ ನೋಡ್ತು. ಮುಖಾನೂ ಆಯ್ತು, ಬಾಲಾನೂ ಆಯ್ತು."

ಅಪ್ಪ ಬಾಯಿ ತೆರೆದರು. ಅಜ್ಜಿ ಬಿಡಲಿಲ್ಲ.

"ನರಿ ನೋಡ್ದೋರು ಅಂದ್ಕೊಂಡಿದ್ದು ಅವತ್ತು ಆಗೇ ಆಗುತ್ತೆ ಅಂದೋನು ನೀನೇ ತಾನೆ? ನಾನು ಅಂದ್ಕೊಂಡೆ. ಹುಡುಗಿ ಇನ್ನೊಂದ್ ಸಲ ಪರೀಕ್ಷೆ ಬರೀತಾಳೆ. ಪಾಸಾಗೋವರೆಗೂ ಬರೀತಾಳೆ. ಮದುವೆ ಮಾತು ಎತ್ತಂಗಿಲ್ಲ."

ಬೆಳಿಗ್ಗೆ ಮಗಳ ಕಣ್ಣು ಕಟ್ಟಿ ಕಾಡೆಲ್ಲ ಸುತ್ತಿಸಿದವರು ಈಗ ನರಿಯೆಲ್ಲ ಸುಳ್ಳು ಎನ್ನುವುದಾದರೂ ಹೇಗೆ? ಅಪ್ಪ ಸುತ್ತ ನೋಡಿದರು. "ನರೀನೇನಾ ಅದು? ನಾಯಿ ಇರಬೇಕು."

ಮಾವ ಬೇಲಿಯ ಕಡೆ ಹೋದ. ನಾನೂ ಹಿಂದೆ ಹೋದೆ. ಹುಳದ ಬುಟ್ಟಿ ಬೇಲಿಯ ಮರೆಯಲ್ಲಿ ರಾತ್ರಿ ಇಟ್ಟ ಹಾಗೇ ತುಂಬಿತ್ತು. ಒಂದು ಹುಳವೂ ಕದಲಿರಲಿಲ್ಲ. ಮಾವ ಬುಟ್ಟಿಯನ್ನು ನೋಡಿದ. ತಿರುಗಿ ಅಜ್ಜಿಯನ್ನು ನೋಡಿದ. ಅಜ್ಜಿ ಕಾಲು ನೀವಿಕೊಳ್ಳುತ್ತಿದ್ದಳು. ಮಾವ ಬುಟ್ಟಿಯನ್ನು ಕಾಲಿನಿಂದ ಬೇಲಿಯಾಚೆ ತಳ್ಳಿ, ಬೀದಿನಾಯಿ ಓಡಾಡಿದ್ದ ಮಣ್ಣಿನ ಮೇಲೆ ಮಂಡಿಯೂರಿ ಕೂತ.

"ನರೀನೇ ಭಾವ" ಎಂದ. ಅವನು ಅಪ್ಪನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಹೆಜ್ಜೆ ನೋಡಿ ಬೇಕಾದ್ರೆ."

ಅಪ್ಪ ನೋಡಲು ಬರಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಹೋದರು.

ಬೋರ್ಡಿನ ಮುಂದೆ ಅಳದಿದ್ದ ಅಕ್ಕ ಆಗ ಬಿಕ್ಕಿಬಿಕ್ಕಿ ಅತ್ತಳು.

"ಅಳೋದು ಯಾಕೆ?" ಎಂದಳು ಅಜ್ಜಿ. "ಹೋಗಿ ಲೆಕ್ಕ ಮಾಡು, ಹೋಗು. ಪ್ರತಿ ವರ್ಷ ಬಾಲ ತುಳಿಯೋಕೆ ನನ್ ಮಂಡಿ ಕೇಳಲ್ಲ."