ಷಡ್ಡಕನಿಂದ ಎರಡು ಬಸ್ ದೂರ

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯಲ್ಲಿ ಕೆಲಸ ಮಾಡುವವರು ಅಂಟಿಸಿದ್ದು. ಹಲ್ಲು ಬಿದ್ದವರಿಗೆ ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಬಿಳಿ ಪ್ಲಾಸ್ಟರ್ ಹುಯ್ದು, ಗುಲಾಬಿ ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಲು ಶುರು ಮಾಡಿದನೆಂದರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಮಾತು ಕಡಿಮೆ. ಕೈ ಎಷ್ಟು ಚುರುಕೋ ನಾಲಿಗೆ ಅಷ್ಟೇ ಮಂದ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ನಗಿಸಲು ಒಂದೆರಡು ಸಲ ನೋಡಿ, ಇದು ನನ್ನ ಕೈಲಾಗುವುದಲ್ಲ ಎಂದು ಬಿಟ್ಟುಬಿಟ್ಟಿದ್ದ.

ಅವನಿದ್ದ ಸಣ್ಣ ಊರಿನ ಲ್ಯಾಬನ್ನು ಮಾಲೀಕರು ಮುಚ್ಚಿ ದೊಡ್ಡ ನಗರದಲ್ಲಿ ತೆರೆದರು. ಬರುವುದಾದರೆ ಬಾ, ನಿನ್ನ ಮೇಜು ಹಾಗೇ ಇರುತ್ತದೆ ಎಂದರು. ಹೆಂಡತಿಗೆ ಹಿಗ್ಗೋ ಹಿಗ್ಗು. ಆ ನಗರದಲ್ಲೇ ಅವಳ ಅಕ್ಕ ಇದ್ದಳು. ಅಕ್ಕ ಇದ್ದಳು ಎಂದ ಮೇಲೆ ಅಕ್ಕನ ಗಂಡನೂ ಇರಬೇಕಲ್ಲ. ಹಲ್ಲಪ್ಪನ ಹೊಟ್ಟೆಯಲ್ಲಿ ಕಿಚ್ಚು ಹೊಗೆಯಾಡಲು ಶುರುವಾಗಿದ್ದು ಅಲ್ಲಿಂದ.

ಷಡ್ಡಕ ಲಿಫ್ಟ್ ರಿಪೇರಿ ಮಾಡುವವನು. ನಗರದ ಅರ್ಧಕ್ಕರ್ಧ ಕಟ್ಟಡಗಳ ನೆತ್ತಿ ಹತ್ತಿ ಇಳಿದವನು. ಯಾವ ಬೀದಿಯಲ್ಲಿ ನೀರು ಸರಿಯಾಗಿ ಬರುತ್ತದೆ, ಯಾವ ಮಾಲೀಕ ಬಾಡಿಗೆದಾರರ ತಲೆ ತಿನ್ನುತ್ತಾನೆ, ಯಾವ ಶಾಲೆಯಲ್ಲಿ ಮಕ್ಕಳನ್ನು ಆಡಲು ಬಿಡುತ್ತಾರೆ, ಕೇಳಿದ್ದಕ್ಕೆಲ್ಲ ಅವನಲ್ಲಿ ಉತ್ತರವಿತ್ತು. ಆಳು ಎತ್ತರ, ಗಂಟಲು ದೊಡ್ಡದು, ಸಾಲದ್ದಕ್ಕೆ ಮಾತಿನ ಮಲ್ಲ. ‘ಭಾವ ಇದ್ದಾರಲ್ಲ, ಮನೆ ಹುಡುಕೋ ಚಿಂತೆ ನಮಗ್ಯಾಕೆ’ ಎಂದು ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಹಲ್ಲಪ್ಪ ಕಿಟಕಿಯಾಚೆ ನೋಡುತ್ತ ಕುಳಿತ.

ಮೊದಲ ಮನೆ ಅಕ್ಕನ ಬೀದಿಯಲ್ಲೇ ಇತ್ತು. ಎರಡು ದೊಡ್ಡ ಕೋಣೆ, ಪೂರ್ವಕ್ಕೆ ಕಿಟಕಿ. ಹೆಂಡತಿ ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ಸವರಿ ನೋಡಿದಳು. ಅವಳಿಗೆ ಹಿಡಿಸಿತೆಂದು ಹಲ್ಲಪ್ಪನಿಗೆ ಗೊತ್ತಾಯಿತು. ಬೆಳಕು ಜಾಸ್ತಿಯಾಯಿತು, ಕಣ್ಣಿಗೆ ಹೊಡೆಯುತ್ತದೆ ಎಂದ. ಬೆಳಕು ಜಾಸ್ತಿ ಎಂದು ಮನೆ ಬಿಟ್ಟವರನ್ನು ಷಡ್ಡಕ ಈವರೆಗೆ ಕಂಡಿರಲಿಲ್ಲ. ಆದರೂ ಏನೂ ಅನ್ನದೆ ಮುಂದಿನ ಮನೆಗೆ ಕರೆದುಕೊಂಡು ಹೋದ.

ಅದು ನಾಲ್ಕನೆಯ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಹೋಗುವಾಗ ಷಡ್ಡಕ ಒಂದು ಪ್ರಸಂಗ ಹೇಳಿದ. ಅದೇ ಲಿಫ್ಟಿನಲ್ಲಿ ಒಮ್ಮೆ ಎದುರುಬದುರು ಮನೆಯ ಇಬ್ಬರು ಹೆಂಗಸರು ಸಿಕ್ಕಿಹಾಕಿಕೊಂಡಿದ್ದರಂತೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದವರು. ಒಬ್ಬರನ್ನೊಬ್ಬರು ಕಚ್ಚಿಕೊಂಡು ಸಾಯುತ್ತಾರೆಂದು ಇವನು ಬೆವರು ಸುರಿಸಿ ಬಾಗಿಲು ತೆಗೆದರೆ, ಅಷ್ಟರೊಳಗೆ ಅವರು ಮಗನಿಗೂ ಮಗಳಿಗೂ ಸಂಬಂಧ ಮಾತಾಡಿ ಬೀಗಿತ್ತಿಯರಾಗಿದ್ದರಂತೆ. ‘ಇನ್ನೂ ಸ್ವಲ್ಪ ಹೊತ್ತು ಬಿಡಪ್ಪ, ಮದುವೆ ದಿನ ಗೊತ್ತು ಮಾಡ್ಬೇಕು’ ಎಂದು ಗದರಿದರಂತೆ. ಹೆಂಡತಿ ನಕ್ಕಳು. ಗೋಡೆಗೆ ಕೈ ಕೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗಳು ದೊಡ್ಡಪ್ಪನ ಬೆರಳು ಹಿಡಿದು ಜೋತಾಡುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಒಂದು ಮಾತಿಗೆ ಇವಳು ಹೀಗೆ ನಕ್ಕಿದ್ದಾಳೆಯೇ ಎಂದು ಹಲ್ಲಪ್ಪ ನೆನಪು ಕೆದಕಿದ. ಏನೂ ಸಿಗಲಿಲ್ಲ. ಮೇಲೆ ಹೋದ ಮೇಲೆ ಮನೆ ನೋಡದೆಯೇ ಬೇಡ ಎಂದ. ಮಾಲೀಕನ ಮುಖ ಸರಿಯಿಲ್ಲ ಎಂದು ಕಾರಣ ಕೊಟ್ಟ. ಮೂರನೆಯದು ಉದ್ಯಾನದ ಪಕ್ಕ ಇತ್ತು. ಅಲ್ಲಿ ಸೊಳ್ಳೆ ಇರಬಹುದು ಎಂದ.

ಆ ಭಾನುವಾರ ಯಾರಿಗೂ ಹೇಳದೆ ತಾನೊಬ್ಬನೇ ಹೊರಟ. ನಗರದ ಇನ್ನೊಂದು ತುದಿಯಲ್ಲಿ, ರೈಲು ಹಳಿ ದಾಟಿದ ಮೇಲೆ, ಒಂದು ಬೀದಿ ಸಿಕ್ಕಿತು. ಎಲೆ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಸಾಲಾಗಿ ಕೆಳಗೆಳೆದ ತಗಡಿನ ಬಾಗಿಲುಗಳು, ಅವುಗಳ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಒಂದು ಮನೆ. ಅದು ಷಡ್ಡಕ ತೋರಿಸಿದ್ದಲ್ಲ, ಅವನ ಮನೆಯಿಂದ ಎರಡು ಬಸ್ ದೂರ. ಹಲ್ಲಪ್ಪ ಅಲ್ಲೇ ಅಡ್ವಾನ್ಸ್ ಕೊಟ್ಟ.

ಸಂಜೆ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ವಿಷಯ ತಿಳಿಸಿದ. ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು. ಬೀದಿ ಯಾವುದೆಂದು ಷಡ್ಡಕ ಕೇಳಿದ. ಹೇಳಿದ ಮೇಲೆ ಏನೋ ಅನ್ನಲು ಬಾಯಿ ತೆರೆದವನು, ಹಲ್ಲಪ್ಪನ ಮುಖ ನೋಡಿ ಸುಮ್ಮನಾದ.

“ಒಳ್ಳೇದಾಗ್ಲಿ ಬಿಡಿ” ಎಂದಷ್ಟೇ ಹೇಳಿದ.

ಅವನ ಬಾಯಿ ಕಟ್ಟಿದ್ದು ಅದೇ ಮೊದಲು. ಹಲ್ಲಪ್ಪನಿಗೆ ಆ ದಿನದ ಊಟ ಬಹಳ ರುಚಿಸಿತು.

ಮುಂದಿನ ಭಾನುವಾರ ಅಲ್ಲಿಗೆ ಸಾಮಾನು ಸಾಗಿಸಿದರು. ಸೋಮವಾರ ಬೆಳಗ್ಗೆ ತಗಡಿನ ಬಾಗಿಲುಗಳು ಮೇಲೆ ಹೋದವು. ಅವೆಲ್ಲ ಮರಗೆಲಸದ ಅಂಗಡಿಗಳು. ಗರಗಸದ ಯಂತ್ರಗಳು ಒಂದಾದ ಮೇಲೊಂದು ಕಿರುಚಲು ಶುರು ಮಾಡಿದವು. ಗಾಜಿನ ಲೋಟಗಳು ಗೂಡಿನಲ್ಲಿ ನಡುಗಿದವು. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಮರದ ಪುಡಿ ಕೂರುತ್ತಿತ್ತು. ಹೆಂಡತಿ ಒಂದೂ ಮಾತಾಡದೆ ಕಿಟಕಿ ಮುಚ್ಚಿದಳು. ಅವಳು ಬೈದಿದ್ದರೆ ಹಲ್ಲಪ್ಪ ತಿರುಗಿ ಬೈಯಬಹುದಿತ್ತು. ಈಗ ಬಿಸಿತುಪ್ಪದ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳು ಬಗ್ಗಲಿಲ್ಲ. ಮಗಳನ್ನು ಅಕ್ಕನ ಮನೆಯ ಹತ್ತಿರದ ಶಾಲೆಗೇ ಸೇರಿಸಿದಳು. ಶಾಲೆಯ ವ್ಯಾನು ಮಗುವನ್ನು ನಸುಕಿಗೇ ಹೊತ್ತುಕೊಂಡು ಹೋಗುತ್ತಿತ್ತು. ಭಾನುವಾರ ಬಂತೆಂದರೆ ತಾಯಿ ಮಗಳಿಬ್ಬರೂ ಅಕ್ಕನ ಮನೆಗೆ. ಅಷ್ಟು ದೂರ ಹೋಗಿ ಒಂದು ಗಳಿಗೆ ಕೂತು ಬರಲಾಗುತ್ತದೆಯೇ? ಹೋದರೆ ಇಡೀ ದಿನ ಅಲ್ಲೇ. ಆ ಬೀದಿಯಲ್ಲಿ ಗರಗಸ ನಿಲ್ಲುತ್ತಿದ್ದ ದಿನ ಅದೊಂದೇ, ಆ ನಿಶ್ಶಬ್ದ ಅನುಭವಿಸಲು ಮನೆಯಲ್ಲಿ ಹಲ್ಲಪ್ಪನ ವಿನಾ ಯಾರೂ ಇರುತ್ತಿರಲಿಲ್ಲ. ಈಗ ಅಲ್ಲಿ ಷಡ್ಡಕ ಏನು ಹೇಳುತ್ತಿರಬಹುದು, ಇವಳು ಎಷ್ಟು ನಗುತ್ತಿರಬಹುದು ಎಂದು ಲೆಕ್ಕ ಹಾಕುತ್ತ ತಣ್ಣಗಾದ ಅನ್ನ ತಿನ್ನುತ್ತಿದ್ದ. ಅವರು ಮರಳಿ ಬಂದಾಗ ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಮಗಳು ದೊಡ್ಡಪ್ಪನ ಸುದ್ದಿ ಎತ್ತಿ, ಅಪ್ಪನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸುವುದನ್ನು ಕಲಿತಳು.

ಹೀಗಿರುವಾಗ ಒಂದು ದಿನ ಶಾಲೆಯಲ್ಲಿ ಮಗುವಿಗೆ ಜ್ವರ ಏರಿತು. ಟೀಚರು ಮನೆಗೆ ಫೋನು ಮಾಡಿದರು. ಗರಗಸದ ಸದ್ದಿನಲ್ಲಿ ಹೆಂಡತಿಗೆ ಕೇಳಿಸಲಿಲ್ಲ. ಲ್ಯಾಬಿನಲ್ಲಿ ಫೋನುಗಳನ್ನು ಪ್ಲಾಸ್ಟರಿನ ಧೂಳಿಗೆ ಹೆದರಿ ಕಪಾಟಿನಲ್ಲಿ ಇಡುತ್ತಿದ್ದರು, ಹಲ್ಲಪ್ಪನಿಗೂ ಕೇಳಿಸಲಿಲ್ಲ. ಬೇರೆ ಯಾರ ನಂಬರಾದರೂ ಗೊತ್ತೇ ಎಂದು ಟೀಚರು ಮಗುವನ್ನೇ ಕೇಳಿದರು.

ಹಲ್ಲಪ್ಪ ಫೋನಿನಲ್ಲಿ ಸುದ್ದಿ ನೋಡಿ, ಎದ್ದುಬಿದ್ದು ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹೆಂಡತಿ ಅವನಿಗಿಂತ ಸ್ವಲ್ಪ ಮೊದಲು ಬಂದು, ಒಳಗೆ ಅಕ್ಕನ ಜೊತೆ ಗಂಜಿ ಕಾಯಿಸುತ್ತಿದ್ದಳು. ಡಾಕ್ಟರಿಗೆ ತೋರಿಸಿ ಆಗಿತ್ತು. ಮಗು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿತ್ತು. ಗ್ರೀಸ್ ಮೆತ್ತಿದ ಅಂಗಿಯಲ್ಲೇ ಷಡ್ಡಕ ನೆಲದ ಮೇಲೆ ಕುಳಿತಿದ್ದ. ಅವನ ಬೆರಳೊಂದನ್ನು ಮಗು ನಿದ್ದೆಯಲ್ಲೂ ಹಿಡಿದುಕೊಂಡಿತ್ತು.

ಕೈಮುಗಿಯಬೇಕಾದ ಹೊತ್ತು. ಹಲ್ಲಪ್ಪನ ಕಣ್ಣಿಗೆ ಬಿದ್ದದ್ದು ಆ ಬೆರಳು ಮಾತ್ರ.

“ನನ್ನ ಮಗಳನ್ನ ಕರ್ಕೊಂಡು ಬರೋಕೆ ನಿಮಗೆ ಹೇಳಿದ್ದು ಯಾರು?”

ಷಡ್ಡಕ ತಲೆಯೆತ್ತಿ ನೋಡಿದ. “ಅವಳೇ ಹೇಳಿದ್ದು” ಎಂದು ಮಗುವನ್ನು ತೋರಿಸಿದ. ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದ. ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಹೋದ.

ಸಂಜೆ ಜ್ವರ ಇಳಿದ ಮೇಲೆ ಮೂವರೂ ಬಸ್ಸು ಹತ್ತಿದರು. ಮಗು ತಾಯಿಯ ತೊಡೆಯ ಮೇಲೆ ಮಲಗಿತ್ತು. ಹೆಂಡತಿ ಅವನ ಕಡೆ ತಿರುಗದೆಯೇ ಹೇಳಿದಳು: “ನೀವು ಮನೆ ಹುಡುಕ್ಲಿಲ್ಲ. ಭಾವನಿಂದ ಎಷ್ಟು ದೂರ ಹೋಗ್ಬಹುದು ಅಂತ ಹುಡುಕಿದ್ರಿ.”

ಬಸ್ಸು ರೈಲು ಹಳಿಯ ಹತ್ತಿರ ನಿಂತಾಗ ಹಲ್ಲಪ್ಪನ ಬಾಯಿಂದ ಮಾತು ಹೊರಟಿತು. “ಅವರು ಮಾತಾಡಿದ್ರೆ ನೀನು ನಗ್ತೀಯ.”

ಅವಳು ಈಗ ತಿರುಗಿ ನೋಡಿದಳು. ಇಷ್ಟು ದಿನದ ಧೂಳು, ಸದ್ದು, ಬಸ್ಸುಗಳೆಲ್ಲ ಇಷ್ಟಕ್ಕೇನಾ ಎಂಬಂತೆ ನೋಡಿದಳು.

“ನಗು ಬಂದ್ರೆ ನಗ್ತೀನಪ್ಪ. ನಕ್ಕು ಮನೆಗೆ ಬರೋದು ನಿಮ್ಮ ಹತ್ರಾನೇ ತಾನೆ? ಬರೋಕೆ ಎರಡು ಬಸ್ ಹತ್ತೋ ಹಾಗೆ ಮಾಡಿದೋರು ನೀವು.”

ವಾರ ಕಳೆದ ಮೇಲೆ ಹಲ್ಲಪ್ಪ ಷಡ್ಡಕನಿಗೆ ಫೋನು ಮಾಡಿ, ನಿಮ್ಮ ಕಡೆ ಮನೆ ಇದ್ದರೆ ಹೇಳಿ ಎಂದು ಕೇಳಿದ. ನನಗೆ ತಿಳಿದದ್ದನ್ನು ಅಂದೇ ತೋರಿಸಿದ್ದೇನೆ, ಈ ಸಲ ನೀವೇ ನೋಡಿಕೊಳ್ಳಿ ಎಂದು ಅವನು ಉತ್ತರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹಲ್ಲಪ್ಪನಿಗೆ ಹೆಚ್ಚು ಚುಚ್ಚಿತು. ಕೆಲಸ ಮುಗಿಸಿ ದಿನವೂ ಆ ಬೀದಿಗಳಲ್ಲಿ ಅಲೆದ. ಜನ್ಮದಲ್ಲಿ ಅಪರಿಚಿತರನ್ನು ಮಾತಾಡಿಸದವನು ದಿನಸಿ ಅಂಗಡಿಯವನನ್ನು ಕೇಳಿದ, ದರ್ಜಿಯನ್ನು ಕೇಳಿದ, ಬಾಗಿಲಲ್ಲಿ ನಿಂತ ಮುದುಕಿಯನ್ನೂ ಕೇಳಿದ. ಕಡೆಗೆ ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ, ಎರಡನೆಯ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಮೆಟ್ಟಿಲು ಇಕ್ಕಟ್ಟು, ಲಿಫ್ಟ್ ಇಲ್ಲ. ಲಿಫ್ಟ್ ಇಲ್ಲವೆಂಬುದು ಅವನಿಗೆ ಒಳಗೊಳಗೇ ಸಮಾಧಾನ ಕೊಟ್ಟಿತು. ಈ ಸಲ ಅಡ್ವಾನ್ಸ್ ಕೊಡುವ ಮೊದಲು ಹೆಂಡತಿಯನ್ನು ಕರೆತಂದ, ಅದೂ ಕೆಲಸದ ದಿನ. ಅವಳು ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಿ, ಕಿಟಕಿ ತೆರೆದು ಕಿವಿಗೊಟ್ಟು ನಿಂತು, ಆಗಬಹುದು ಎಂದಳು.

ಸಾಮಾನು ಸಾಗಿಸುವ ದಿನ ಷಡ್ಡಕ ಕರೆಯದೆಯೇ ಬಂದ. ಇಕ್ಕಟ್ಟಿನ ಮೆಟ್ಟಿಲಲ್ಲಿ ಬೀರುವಿನ ಮೇಲ್ತುದಿ ಅವನು ಹಿಡಿದ, ಕೆಳತುದಿ ಹಲ್ಲಪ್ಪ. ತಿರುವಿನಲ್ಲಿ ಬೀರು ಸಿಕ್ಕಿಕೊಂಡು ಇಬ್ಬರೂ ನಿಲ್ಲಬೇಕಾಯಿತು.

“ಅಣ್ಣಾ, ಅವತ್ತು ನಾನು ಹಾಗೆ ಅನ್ನಬಾರ್ದಿತ್ತು.”

“ಅನ್ನಬಾರ್ದಿತ್ತು” ಎಂದು ಷಡ್ಡಕ ಒಪ್ಪಿಕೊಂಡ. ಬೀರು ಮತ್ತೆ ಎತ್ತಿ, “ನಿಮ್ಮ ಕಡೆ ಎಡಕ್ಕೆ ತಿರುಗಿಸಿ, ಬೆರಳು ಜೋಪಾನ” ಎಂದ.

ಮೇಲೆ ಬಂದವನೇ ಅಡುಗೆಮನೆ ನೋಡಿ, ಒಲೆ ಆ ಮೂಲೆಗೆ ಬೇಡ, ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದ. ಹೆಂಡತಿ ಹೌದಲ್ಲ ಎಂದಳು, ಒಲೆ ಇನ್ನೊಂದು ಮೂಲೆಗೆ ಹೋಯಿತು. ಆ ಮೂಲೆಯಲ್ಲಿ ಒಲೆ ಇಟ್ಟಿದ್ದವನು ಹಲ್ಲಪ್ಪ. ಅವನ ಹೊಟ್ಟೆ ಮತ್ತೆ ಉರಿಯಿತು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಈಗ ಅಕ್ಕತಂಗಿಯರು ಸಂಜೆ ಒಂದು ಗಳಿಗೆ ಕೂತು ಮಾತಾಡಿ ಎದ್ದುಬಿಡುತ್ತಾರೆ, ಭಾನುವಾರ ಹೆಂಡತಿ ಮಗಳು ಇಬ್ಬರೂ ಮನೆಯಲ್ಲೇ. ಹಲ್ಲಪ್ಪನಿಗೆ ಬೇಕಾದದ್ದು ಸಿಕ್ಕಿದೆ. ಆದರೂ ಮೆಟ್ಟಿಲಲ್ಲಿ ಆ ದೊಡ್ಡ ಗಂಟಲಿನ ದನಿ ಕೇಳಿದ ಕೂಡಲೇ ಒಳಗೆಲ್ಲೋ ಚುರ್ ಎನ್ನುತ್ತದೆ. ಓದುತ್ತಿದ್ದ ಪೇಪರು ಮಡಚಿಟ್ಟು, ಮಗಳು ಓಡಿ ಬರುವುದಕ್ಕೆ ಮೊದಲೇ, ತಾನೇ ಹೋಗಿ ಬಾಗಿಲು ತೆಗೆಯುತ್ತಾನೆ.