ಅತ್ತೆಯವರ ಖಾಲಿ ಹೊಟ್ಟೆ

ಬ್ಯಾಂಕಿನವರು ನಮ್ಮ ಯಜಮಾನರನ್ನು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಎತ್ತಿಹಾಕಿದ ವರ್ಷವೇ ಅತ್ತೆಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಎಂಬತ್ತರ ದಶಕದ ಕೊನೆ ಅದು. ಅಲ್ಲಿ ನಾವಿದ್ದ ಎಂವಿಪಿ ಕಾಲೋನಿಯ ಡಾಕ್ಟರು ಬಳ್ಳಾರಿಯಲ್ಲಿ ಓದಿದವರು, ಕನ್ನಡ ಬರುತ್ತಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಎಂದರು. ಅತ್ತೆ ನಕ್ಕುಬಿಟ್ಟರು. ಮದುವೆಯಾದಾಗಿನಿಂದ ಒಂದು ಏಕಾದಶಿಯನ್ನೂ ತಪ್ಪಿಸದ ಹೆಂಗಸಿಗೆ ಇದೇನು ಮಹಾ?

ಆದರೆ ಸಕ್ಕರೆ ಏರಿತ್ತು. ಮಾತ್ರೆ ಹೆಚ್ಚಿಸಿದರೂ ಇಳಿಯಲಿಲ್ಲ. ಇನ್ನೊಂದು ಸಲ ಹೀಗೇ ಬಂದರೆ ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕು ಎಂದಾಗ ಅತ್ತೆಯ ಮುಖ ಸಪ್ಪಗಾಯಿತು. ಮನೆಮಂದಿಯ ಮೇಲೆಲ್ಲ ದರ್ಬಾರು ನಡೆಸುವವರು ರಕ್ತ ಕೊಡುವಾಗಲೂ ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರಿಂದ ಅಷ್ಟು ಬೈಸಿಕೊಂಡಿದ್ದ ನನಗೂ ಅಯ್ಯೋ ಪಾಪ ಅನ್ನಿಸಿತು.

ಮುಂದಿನ ಪರೀಕ್ಷೆಯ ದಿನ ಡಾಕ್ಟರು ಸುಮ್ಮನೆ ಮಾತಿಗೆಂದು ಕೇಳಿದರು, "ಖಾಲಿ ಹೊಟ್ಟೇಲಿ ತಲೆ ತಿರುಗ್ತದೇನಮ್ಮಾ?"

"ಇಲ್ಲಪ್ಪ. ಒಂದು ಲೋಟ ಕಾಫಿ ಕುಡ್ಕೊಂಡೇ ಬರ್ತೀನಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಕ್ಕರೆ ಹಾಕಿ?"

"ಮತ್ತೆ? ಉಪವಾಸದ ದಿನ ಒಂದು ಚಮಚ ಜಾಸ್ತೀನೇ. ಇಲ್ದಿದ್ರೆ ನಿಶ್ಶಕ್ತಿ ಆಗಲ್ವೇ?"

"ಕಾಫಿ ಕುಡಿದ್ರೆ ಉಪವಾಸ ಎಲ್ಲಿ ಬಂತಮ್ಮಾ?"

ಅತ್ತೆ ಕೆರಳಿದರು. "ಏಕಾದಶಿಗೇ ನಡೆಯತ್ತೆ. ನಾರಾಯಣನೇ ಒಪ್ಪಿಕೊಂಡಿದ್ದಾನೆ, ನಿಮ್ಮದೇನ್ರೀ ತಕರಾರು?"

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಬೆಳಗಿನ ಕಾಫಿ ಅವರದೇ ಇಲಾಖೆ. ನಾನು ಏಳುವ ಹೊತ್ತಿಗೆ ಲೋಟ ತೊಳೆದಿಟ್ಟಾಗಿರುತ್ತಿತ್ತು.

ಮಾರನೆಯ ದಿನ ಕಾಫಿಯಿಲ್ಲದೆ, ದಾರಿಯುದ್ದಕ್ಕೂ ಗೊಣಗುತ್ತ ಬಂದು ರಕ್ತ ಕೊಟ್ಟರು. ಸಕ್ಕರೆ ಚೆನ್ನಾಗಿ ಇಳಿದಿತ್ತು. ಚುಚ್ಚುಮದ್ದು ಬೇಡ, ಮಾತ್ರೆ ಸಾಕು ಎಂದರು ಡಾಕ್ಟರು. ಅತ್ತೆ ಅಲ್ಲಿಂದಲೇ ವಿಜಯವಾಡದ ಬೆಟ್ಟದ ದುರ್ಗಮ್ಮನಿಗೆ ಕೈಮುಗಿದರು. ಮುಗಿದ ಕೈ ಇಳಿಸುವಷ್ಟರಲ್ಲಿ ಡಾಕ್ಟರು ಇನ್ನೊಂದು ಮಾತು ಸೇರಿಸಿದರು: ಇನ್ನುಮೇಲೆ ಕಾಫಿಗೆ ಸಕ್ಕರೆ ಇಲ್ಲ.

ಮುಂದಿನ ಏಕಾದಶಿ ಬಂತು. ಸಕ್ಕರೆಯಿಲ್ಲದ ಕಾಫಿಯನ್ನು ನಾನೇ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನು ದೂರ ತಳ್ಳಿ, ದೇವರಮನೆಯ ಕಡೆ ಒಮ್ಮೆ ನೋಡಿದರು.

"ಉಪ್ಪಿಟ್ಟು ಮಾಡೇ" ಎಂದರು.

"ಅತ್ತೆ, ಇವತ್ತು ಏಕಾದಶಿ."

"ಗೊತ್ತು ಕಣೇ. ಈ ಕಷಾಯ ಕುಡ್ಕೊಂಡು ಉಪವಾಸ ಮಾಡೋಕೆ ನನ್ನ ಕೈಲಾಗಲ್ಲ. ದೇವರ ಹತ್ರ ನಾನು ಮಾತಾಡ್ಕೋತೀನಿ. ಈರುಳ್ಳಿ ಮಾತ್ರ ಹಾಕ್ಬೇಡ."